ಬಿಲ್ಡ್ ಎಲ್ಲಿ, ರನ್ ಎಲ್ಲಿ: ಮಾಡ್ಯೂಲ್‌ಗಳಿರುವ ಪ್ಯಾಕೇಜ್‌ಗೆ ಫೋಲ್ಡರ್ ವ್ಯವಸ್ಥೆ ಆರಿಸುವ ಬಗೆ

ಮಾಡ್ಯೂಲ್ ಒಂದೋ ಎರಡೋ ಇರುವಾಗ ಬಿಲ್ಡ್ ಫೋಲ್ಡರ್, ಅಂದರೆ ಕಂಪೈಲರ್ ಹುಟ್ಟಿಸಿದ ಫೈಲುಗಳು ಬೀಳುವ ಜಾಗ, ಎಲ್ಲಿರಬೇಕು ಅನ್ನುವ ಪ್ರಶ್ನೆ ಯಾರಿಗೂ ಬರುವುದಿಲ್ಲ. ಎಲ್ಲಿದ್ದರೂ ನಡೆಯುತ್ತದೆ. ಒಂದು ಲೈಬ್ರರಿ, ಅದರ ಮೇಲೆ ನಾಲ್ಕು ಪ್ಲಗಿನ್, ಜೊತೆಗೆ ಟೆಸ್ಟುಗಳು, ಒಬ್ಬರು ವಿಂಡೋಸ್‌ನಲ್ಲಿ ಇನ್ನೊಬ್ಬರು ಉಬುಂಟುವಿನಲ್ಲಿ ಕೂತು ಕೆಲಸ ಮಾಡುವುದು, ಇಷ್ಟು ಶುರುವಾದ ಮೇಲೆ "ನನ್ನ ಹತ್ತಿರ ಓಡುತ್ತಲ್ಲ, ನಿಮ್ಮ ಹತ್ತಿರ ಯಾಕೆ ಓಡಲ್ಲ" ಅನ್ನುವ ಮಾತು ಕೇಳಿಸತೊಡಗುತ್ತದೆ. ಕೋಡ್‌ನಲ್ಲೆಲ್ಲ ತಪ್ಪು ಹುಡುಕಿ ಸುಸ್ತಾದ ಮೇಲೆ ಗೊತ್ತಾಗುತ್ತದೆ, ಪ್ರೋಗ್ರಾಂ ಇನ್ಯಾವುದೋ ಫೋಲ್ಡರಿನಲ್ಲಿ ಉಳಿದಿದ್ದ ಹಳೆಯ ಪ್ಲಗಿನ್ ಎತ್ತಿಕೊಂಡು ಓಡುತ್ತಿತ್ತು ಅಂತ.

ಇಲ್ಲಿ ಸಿ++ ಮತ್ತು ಅದರ ಬಿಲ್ಡ್ ಟೂಲ್ ಸಿಮೇಕ್ ಇಟ್ಟುಕೊಂಡೇ ಮಾತಾಡುತ್ತೇನೆ, ಯಾಕೆಂದರೆ ಆಯ್ಕೆಗಳು ಜಾಸ್ತಿ ಇರುವುದು ಅಲ್ಲೇ. ರಸ್ಟ್‌ನ ಕಾರ್ಗೋ ಇದನ್ನೆಲ್ಲ ತಾನೇ ತೀರ್ಮಾನ ಮಾಡಿಬಿಟ್ಟಿದೆ: ಒಂದು ವರ್ಕ್‌ಸ್ಪೇಸ್‌ನಲ್ಲಿ ಎಷ್ಟೇ ಕ್ರೇಟ್ (ರಸ್ಟ್‌ನ ಪ್ಯಾಕೇಜ್ ಘಟಕ) ಇದ್ದರೂ ಎಲ್ಲಕ್ಕೂ ಸೇರಿ ಮೇಲ್ಗಡೆ ಒಂದೇ 'ಟಾರ್ಗೆಟ್' ಫೋಲ್ಡರ್. ಜಾವಾ ಲೋಕದ ಮೇವನ್ ಮತ್ತು ಗ್ರೇಡಲ್ ಪ್ರತಿ ಮಾಡ್ಯೂಲ್‌ಗೂ ಅದರದೇ ಫೋಲ್ಡರ್ ಕೊಡುತ್ತವೆ. ನೀವು ಅವುಗಳಲ್ಲಿದ್ದರೆ ಬಿಲ್ಡ್ ಭಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಟೂಲ್ ಹೇಳಿದಂತೆ ಬಿಡಿ. ಕೆಳಗೆ ರನ್‌ಟೈಮ್ ಡೇಟಾ ಬಗ್ಗೆ ಬರೆದದ್ದು ಮಾತ್ರ ನಿಮಗೂ ಬೇಕಾಗುತ್ತದೆ.

ಉದಾಹರಣೆಗೆ 'ಮಳೆಲೆಕ್ಕ' ಅಂತ ಒಂದು ಪ್ಯಾಕೇಜ್ ಇದೆ ಅಂದುಕೊಳ್ಳಿ. ಒಳಗೆ 'ಕೋರ್' ಅನ್ನುವ ಶೇರ್ಡ್ ಲೈಬ್ರರಿ, ಅದನ್ನು ಬಳಸುವ ಒಂದು ಕಮಾಂಡ್‌ಲೈನ್ ಪ್ರೋಗ್ರಾಂ, ಓಡುವಾಗ ಲೋಡ್ ಆಗುವ ಮೂರು ಪ್ಲಗಿನ್: ಸಿಎಸ್‌ವಿ ಓದುವುದು, ಡೇಟಾಬೇಸ್ ಓದುವುದು, ನಕ್ಷೆ ಬರೆಯುವುದು. ಇಷ್ಟಿದ್ದರೆ ಎಲ್ಲ ತೊಡಕುಗಳೂ ಕಣ್ಣಿಗೆ ಬೀಳುತ್ತವೆ.

ಮೊದಲು ಯಾವುದನ್ನು ನೋಡಬೇಕು

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಈ ಫೋಲ್ಡರನ್ನು ಈಗಲೇ ಅಳಿಸಿದರೆ ಏನು ಹೋಗುತ್ತದೆ? ಒಂದು ಪ್ಯಾಕೇಜಿನ ಸುತ್ತ ನಾಲ್ಕು ಬಗೆಯ ಫೈಲುಗಳಿರುತ್ತವೆ. ನೀವು ಬರೆದದ್ದು, ಕಂಪೈಲರ್ ಹುಟ್ಟಿಸಿದ್ದು, ಬೇರೆಯವರಿಗೆ ಕೊಡುವುದು, ಪ್ರೋಗ್ರಾಂ ಓಡುವಾಗ ತಾನೇ ಬರೆದುಕೊಳ್ಳುವುದು. ಒಂದು ಫೋಲ್ಡರಿನಲ್ಲಿ ಇವುಗಳಲ್ಲಿ ಒಂದೇ ಬಗೆಯದ್ದು ಇದ್ದರೆ ಉತ್ತರ ತಕ್ಷಣ ಸಿಗುತ್ತದೆ. ಎರಡು ಬಗೆಯದ್ದು ಬೆರೆತರೆ ಅಳಿಸಲು ಕೈ ಹೋಗುವುದಿಲ್ಲ, ಅಳಿಸದೆ ಇದ್ದರೆ ಹಳೆಯದು ಹೊಸದರ ಜೊತೆ ಸೇರಿಕೊಳ್ಳುತ್ತದೆ.

ಎರಡನೆಯದು, ಡೀಬಗ್, ರಿಲೀಸ್, ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿದ್ದು, ಎಆರ್‌ಎಂ ಬೋರ್ಡಿಗೆ ಮಾಡಿದ್ದು, ಇವೆಲ್ಲ ಅಕ್ಕಪಕ್ಕ ಇರಬಹುದಾ, ಅಥವಾ ಪ್ರತಿಸಲ ಒಂದನ್ನು ಕೆಡಿಸಿ ಇನ್ನೊಂದು ಕಟ್ಟಬೇಕಾ. ಮೂರನೆಯದು, ಇನ್‌ಸ್ಟಾಲ್ ಮಾಡದೆ ಬಿಲ್ಡ್ ಫೋಲ್ಡರಿನಿಂದಲೇ ಓಡಿಸಿದಾಗ ಪ್ರೋಗ್ರಾಂಗೆ ತನ್ನ ಪ್ಲಗಿನ್‌ಗಳು ಸಿಗುತ್ತವಾ. ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟರೂ ಸಿಗುತ್ತವಾ ಅನ್ನುವುದು ಬೇರೆಯದೇ ಪ್ರಶ್ನೆ. ಇದನ್ನು ಪ್ರತ್ಯೇಕವಾಗಿ ಕೇಳಿಕೊಳ್ಳಿ, ಯಾಕೆಂದರೆ ಮೊದಲನೆಯದು ಸರಿ ಇದ್ದು ಎರಡನೆಯದು ಕೈಕೊಡುವುದು ತುಂಬ ಮಾಮೂಲಿ.

ಆಮೇಲೆ ಡಿಸ್ಕ್ ಜಾಗ ಮತ್ತು ಸಮಯ. 256 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಕಲಿಯುವ ವಿದ್ಯಾರ್ಥಿಗೂ ದೊಡ್ಡ ಬಿಲ್ಡ್ ಸರ್ವರ್ ಇರುವ ತಂಡಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ಕೊನೆಯದಾಗಿ, ನಾಳೆ ತಂಡಕ್ಕೆ ಸೇರುವವರು ಯಾರನ್ನೂ ಕೇಳದೆ ಬಿಲ್ಡ್ ಮಾಡಿ ಓಡಿಸಬಹುದಾ?

ಬಿಲ್ಡ್ ಫೋಲ್ಡರ್: ಸೋರ್ಸ್ ಒಳಗೇ ಬೆರೆಸಿಡುವುದು

ಸೋರ್ಸ್ ಇರುವಲ್ಲೇ ಸಿಮೇಕ್ ಓಡಿಸಿದರೆ ಆಬ್ಜೆಕ್ಟ್ ಫೈಲುಗಳು, ಸಿಮೇಕ್ ತನ್ನ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವ ಸಿಮೇಕ್‌ಕ್ಯಾಶ್ ಫೈಲ್, ಮೇಕ್‌ಫೈಲ್ ಎಲ್ಲ ನಿಮ್ಮ ಕೋಡ್ ಪಕ್ಕದಲ್ಲೇ ಬಂದು ಕೂರುತ್ತವೆ. ಇದರ ಪರವಾಗಿ ಹೇಳುವುದಾದರೆ ಟೈಪ್ ಮಾಡುವುದು ಕಮ್ಮಿ, ಅಷ್ಟೇ. ಒಂದೇ ಫೈಲಿನ ಪ್ರಯೋಗಕ್ಕೆ ಪರವಾಗಿಲ್ಲ. ಮಾಡ್ಯೂಲ್‌ಗಳಿರುವ ಪ್ಯಾಕೇಜಿಗೆ ಬೇಡವೇ ಬೇಡ ಅಂತ ನೇರವಾಗಿ ಹೇಳುತ್ತೇನೆ.

ಕಾರಣ ಬರೀ ಕಸವಲ್ಲ. ಯಾವತ್ತೋ ಒಮ್ಮೆ ಸೋರ್ಸ್ ಒಳಗೆ ಸಿಮೇಕ್ ಓಡಿಸಿದ್ದೀರಿ, ಸಿಮೇಕ್‌ಕ್ಯಾಶ್ ಫೈಲ್ ಅಲ್ಲೇ ಉಳಿದಿದೆ. ಆಮೇಲೆ ಬುದ್ಧಿವಂತಿಕೆಯಿಂದ 'ಬಿಲ್ಡ್' ಫೋಲ್ಡರ್ ಮಾಡಿ, ಒಳಗೆ ಹೋಗಿ 'ಸಿಮೇಕ್ ..' ಅಂತ ಕೊಡುತ್ತೀರಿ. ಮೇಲಿನ ಫೋಲ್ಡರಿನಲ್ಲಿ ಆ ಕ್ಯಾಶ್ ಫೈಲ್ ಕಂಡ ಕೂಡಲೇ ಸಿಮೇಕ್ ಅದನ್ನು ಹಳೆಯ ಬಿಲ್ಡ್ ಫೋಲ್ಡರ್ ಅಂತಲೇ ತಿಳಿಯುತ್ತದೆ, ಎಲ್ಲವನ್ನೂ ಮತ್ತೆ ಸೋರ್ಸ್ ಒಳಗೇ ಹುಟ್ಟಿಸುತ್ತದೆ. ನಿಮ್ಮ ಹೊಸ ಫೋಲ್ಡರ್ ಖಾಲಿ. ಎರರ್ ಕೂಡ ಬರುವುದಿಲ್ಲ. ಇದನ್ನು ತಪ್ಪಿಸಲು ಸಿಮೇಕ್ 3.13ರಿಂದ ಬಂದ -ಎಸ್ ಮತ್ತು -ಬಿ ಆಯ್ಕೆಗಳನ್ನೇ ಬಳಸಿ: ಸೋರ್ಸ್ ಎಲ್ಲಿ, ಬಿಲ್ಡ್ ಎಲ್ಲಿ ಅಂತ ಎರಡನ್ನೂ ಬಾಯಿಬಿಟ್ಟು ಹೇಳಿದರೆ ಅದು ಊಹೆ ಮಾಡುವ ಪ್ರಮೇಯವೇ ಇರುವುದಿಲ್ಲ.

ದೊಡ್ಡ ಪ್ರಾಜೆಕ್ಟುಗಳು ಈ ವಿಷಯದಲ್ಲಿ ಗಟ್ಟಿಯಾಗಿವೆ. ಕಂಪೈಲರ್ ಪ್ರಾಜೆಕ್ಟ್ ಎಲ್‌ಎಲ್‌ವಿಎಂ ಸೋರ್ಸ್ ಒಳಗಿನ ಬಿಲ್ಡನ್ನು ನೇರವಾಗಿ ನಿರಾಕರಿಸುತ್ತದೆ. ಮೆಸಾನ್ ಅನ್ನುವ ಬಿಲ್ಡ್ ಟೂಲ್ ಅಂತೂ ಆ ಆಯ್ಕೆಯನ್ನೇ ಕೊಟ್ಟಿಲ್ಲ. ಲಿನಕ್ಸ್ ಕರ್ನಲ್ ಎರಡಕ್ಕೂ ಬಿಡುತ್ತದೆ, ಆದರೆ ಒಮ್ಮೆ ಒಳಗೆ ಬಿಲ್ಡ್ ಮಾಡಿ ಆಮೇಲೆ 'ಒ=' ಕೊಟ್ಟು ಹೊರಗೆ ಮಾಡಲು ಹೋದರೆ, ಮೊದಲು ಎಂಆರ್‌ಪ್ರಾಪರ್ ಓಡಿಸಿ ಸೋರ್ಸ್ ಶುಚಿ ಮಾಡಿ ಬಾ ಅನ್ನುತ್ತದೆ.

ರೆಪೋ ಒಳಗೆ, ಆದರೆ ಬೇರೆ ಫೋಲ್ಡರಿನಲ್ಲಿ

ಬಹಳಷ್ಟು ಜನರಿಗೆ ಇದೇ ಸರಿ. ರೆಪೋ ಬೇರಿನಲ್ಲಿ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರಿನಲ್ಲಿ, 'ಬಿಲ್ಡ್', ಅದರೊಳಗೆ 'ಡೀಬಗ್', 'ರಿಲೀಸ್', 'ಎಸ್ಯಾನ್' (ಅಡ್ರೆಸ್ ಸ್ಯಾನಿಟೈಸರ್) ಅಂತ ಒಂದೊಂದು. ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿ ಒಂದೇ ಸಾಲು ಸಾಕು. ಹೊಸಬರಿಗೆ ಎಲ್ಲಿದೆ ಅಂತ ಹೇಳಿಕೊಡಬೇಕಿಲ್ಲ. ಗಿಟ್ ವರ್ಕ್‌ಟ್ರೀ ಬಳಸಿ ಎರಡು ಬ್ರಾಂಚ್ ಒಟ್ಟಿಗೆ ತೆರೆದಿಟ್ಟುಕೊಂಡರೆ ಪ್ರತಿ ಟ್ರೀಗೂ ಅದರದೇ ಬಿಲ್ಡ್ ತಾನಾಗಿ ಸಿಗುತ್ತದೆ.

ಒಂದು ಸಣ್ಣ ಲಾಭ ಹಲವರಿಗೆ ಗೊತ್ತಿರುವುದಿಲ್ಲ. ಎಡಿಟರ್‌ನಲ್ಲಿ ಕೋಡ್ ತಪ್ಪು ತೋರಿಸುವ ಕ್ಲ್ಯಾಂಗ್‌ಡಿ ಬಳಸುತ್ತೀರಿ ಅಂದರೆ, ಅದು ಕಂಪೈಲ್ ಕಮಾಂಡ್ಸ್ ಜೇಸನ್ ಫೈಲನ್ನು (ಯಾವ ಫೈಲನ್ನು ಹೇಗೆ ಕಂಪೈಲ್ ಮಾಡಬೇಕು ಅನ್ನುವ ಪಟ್ಟಿ) ನಿಮ್ಮ ಸೋರ್ಸ್ ಫೈಲಿನ ಮೇಲಿನ ಫೋಲ್ಡರುಗಳಲ್ಲಿ, ಮತ್ತು ಅವುಗಳೊಳಗೆ ಇಂಗ್ಲಿಷಿನಲ್ಲಿ 'ಬಿಲ್ಡ್' ಅಂತಲೇ ಹೆಸರಿರುವ ಫೋಲ್ಡರಿನಲ್ಲಿ ತಾನೇ ಹುಡುಕುತ್ತದೆ. ಆದರೆ 'ಬಿಲ್ಡ್/ಡೀಬಗ್' ಅಂತ ಇನ್ನೊಂದು ಹಂತ ಒಳಗೆ ಹೋದರೆ ಸಿಗುವುದಿಲ್ಲ. ಆಗ ಆ ಜೇಸನ್ ಫೈಲಿಗೆ ರೆಪೋ ಬೇರಿನಲ್ಲಿ ಒಂದು ಸಿಮ್‌ಲಿಂಕ್ ಹಾಕಿಡಿ.

ನಷ್ಟಗಳೂ ಇವೆ. ರೆಪೋ ಇರುವ ಜಾಗ ಗೂಗಲ್ ಡ್ರೈವ್, ಒನ್‌ಡ್ರೈವ್ ಥರದ ಸಿಂಕ್ ಫೋಲ್ಡರ್ ಆಗಿದ್ದರೆ ಪ್ರತಿ ಬಿಲ್ಡ್‌ಗೂ ಸಾವಿರಾರು ಆಬ್ಜೆಕ್ಟ್ ಫೈಲುಗಳು ಮೋಡಕ್ಕೆ ಹತ್ತಲು ಸಾಲುಗಟ್ಟುತ್ತವೆ. ಡಾಕರ್ ಇಮೇಜ್ ಕಟ್ಟುವಾಗ ಡಾಕರ್‌ಇಗ್ನೋರ್‌ನಲ್ಲಿ ಹೆಸರು ಸೇರಿಸಲು ಮರೆತರೆ ಇಡೀ ಬಿಲ್ಡ್ ಫೋಲ್ಡರ್ ಒಳಗೆ ಹೋಗುತ್ತದೆ. ಮತ್ತೆ 'ಗಿಟ್ ಕ್ಲೀನ್ -ಎಕ್ಸ್‌ಡಿಎಫ್' ಕೊಟ್ಟರೆ ಬಿಲ್ಡ್ ಜೊತೆಗೆ ಗಿಟ್‌ಇಗ್ನೋರ್‌ನಲ್ಲಿರುವ ಬೇರೆಲ್ಲವೂ ಹೋಗುತ್ತದೆ. ನಿಮ್ಮ ಪಾಸ್‌ವರ್ಡ್ ಇಟ್ಟ ಎನ್ವ್ ಫೈಲ್ ಕೂಡ.

ಪಕ್ಕದಲ್ಲಿ, ಅಥವಾ ಬೇರೆ ಡಿಸ್ಕಿನಲ್ಲಿ

'ಮಳೆಲೆಕ್ಕ' ಪಕ್ಕದಲ್ಲಿ 'ಮಳೆಲೆಕ್ಕ-ಬಿಲ್ಡ್' ಅಂತ ಅಣ್ಣತಮ್ಮಂದಿರ ಹಾಗೆ ಇಡುವ ರೂಢಿಯೂ ಇದೆ. ಸಿಮೇಕ್‌ಗಿಂತ ಹಳೆಯ ಆಟೋಟೂಲ್ಸ್ ಕಾಲದಿಂದಲೂ ಪಳಗಿದವರು ಇದನ್ನೇ ಇಷ್ಟಪಡುತ್ತಾರೆ. ಸೋರ್ಸ್ ಫೋಲ್ಡರ್ ಪೂರ್ತಿ ಶುಚಿ, ಹುಡುಕಾಟ, ಬ್ಯಾಕಪ್, ಸಿಂಕ್ ಯಾವುದಕ್ಕೂ ಅಡ್ಡಿ ಇಲ್ಲ. ಆದರೆ ರೆಪೋ ಅಳಿಸಿದಾಗ ಬಿಲ್ಡ್ ಅನಾಥವಾಗಿ ಉಳಿಯುತ್ತದೆ. ಆರು ತಿಂಗಳ ನಂತರ ಡಿಸ್ಕ್ ತುಂಬಿದೆ ಅಂತ ನೋಡಿದರೆ ಯಾವ ಬಿಲ್ಡ್ ಯಾವ ರೆಪೋದ್ದು ಅಂತ ಕ್ಯಾಶ್ ಫೈಲ್ ತೆರೆದು ನೋಡಬೇಕು.

ಕಾಲೇಜು ಲ್ಯಾಬ್‌ಗಳಲ್ಲಿ ಹೋಮ್ ಡೈರೆಕ್ಟರಿ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಸಿಗುವ ಡಿಸ್ಕ್) ಮೇಲಿರುತ್ತದೆ, ಅಲ್ವಾ? ಅಲ್ಲಿ ಬಿಲ್ಡ್ ಫೋಲ್ಡರ್ ಹೊರಗಿರಲೇಬೇಕು. ಸಣ್ಣ ಸಣ್ಣ ಫೈಲುಗಳನ್ನು ನೆಟ್‌ವರ್ಕ್ ಮೇಲೆ ಬರೆಯುತ್ತಾ ಕೂತರೆ ಕಂಪೈಲರ್‌ಗಿಂತ ಕಾಯುವುದೇ ಜಾಸ್ತಿ. ಸೋರ್ಸ್ ಹೋಮ್‌ನಲ್ಲಿರಲಿ, ಬಿಲ್ಡ್ ಆ ಯಂತ್ರದ ಸ್ವಂತ ಡಿಸ್ಕಿನಲ್ಲಿರಲಿ.

ತಾತ್ಕಾಲಿಕ ಫೈಲುಗಳ /ಟಿಎಂಪಿ ಫೋಲ್ಡರ್ ಒಳಗೆ ಬಿಲ್ಡ್ ಮಾಡುವ ಆಸೆ ಬರುವುದು ಸಹಜ, ವೇಗ ಚೆನ್ನಾಗಿರುತ್ತದೆ. ಆದರೆ ಫೆಡೋರಾ 18ರಿಂದ, ಮತ್ತು 2025ರಲ್ಲಿ ಬಂದ ಡೆಬಿಯನ್ 13ರಲ್ಲಿ, /ಟಿಎಂಪಿ ಇರುವುದೇ ರ‍್ಯಾಮ್‌ನಲ್ಲಿ. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಡೀಬಗ್ ಬಿಲ್ಡ್ ಅಲ್ಲಿಟ್ಟರೆ ಲಿಂಕರ್‌ಗೆ ಬೇಕಾದ ಮೆಮೊರಿಯನ್ನು ನಿಮ್ಮ ಆಬ್ಜೆಕ್ಟ್ ಫೈಲುಗಳೇ ತಿನ್ನುತ್ತವೆ. ಸಾಲದ್ದಕ್ಕೆ ಹತ್ತು ದಿನ ಮುಟ್ಟದ ಫೈಲುಗಳನ್ನು ಅಲ್ಲಿಂದ ಗುಡಿಸಿಹಾಕುವುದು ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯ ಮೂಲ ಸೆಟ್ಟಿಂಗ್. ಬಿಲ್ಡ್ ಪೂರ್ತಿ ಹೋದರೆ ಚಿಂತೆ ಇಲ್ಲ, ಅರ್ಧ ಹೋದರೆ ಕಷ್ಟ. ಒಮ್ಮೆ ಕಟ್ಟಿ ಬಿಸಾಡುವ ಪರೀಕ್ಷೆಗೆ ಮಾತ್ರ ಇದು ಸರಿ.

ವಿಂಡೋಸ್‌ನವರಿಗೆ ಇನ್ನೊಂದು ಲೆಕ್ಕ ಇದೆ. ಹಳೆಯ 260 ಅಕ್ಷರಗಳ ಪಾತ್ ಮಿತಿ ಇನ್ನೂ ಹಲವು ಟೂಲ್‌ಗಳಿಗೆ ತಾಗುತ್ತದೆ. ಸಿಮೇಕ್ ಪ್ರತಿ ಟಾರ್ಗೆಟ್‌ಗೂ (ಕಟ್ಟಬೇಕಾದ ಒಂದೊಂದು ಲೈಬ್ರರಿ ಅಥವಾ ಪ್ರೋಗ್ರಾಂ) ಒಳಗೊಳಗೆ ಫೋಲ್ಡರ್ ಮಾಡಿಕೊಂಡು ಹೋಗುವುದರಿಂದ, ರೆಪೋವೇ ಯೂಸರ್ ಫೋಲ್ಡರಿನ ಡಾಕ್ಯುಮೆಂಟ್ಸ್ ಒಳಗಿನ ಪ್ರಾಜೆಕ್ಟ್ಸ್ ಒಳಗಿದ್ದರೆ ಮಿತಿ ಬೇಗ ಮುಗಿಯುತ್ತದೆ. ಅಂಥವರು ಬಿಲ್ಡನ್ನು 'ಡಿ:\ಬಿ' ಥರದ ಗಿಡ್ಡ ಜಾಗದಲ್ಲಿಡುವುದು ವಾಸಿ.

ಹಾಗಾದರೆ ತಂಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕು ಅಂದರೆ? ಅದಕ್ಕೇ ಬಿಲ್ಡ್ ಸೆಟ್ಟಿಂಗ್‌ಗಳನ್ನು ಹೆಸರು ಕೊಟ್ಟು ಬರೆದಿಡುವ ಪ್ರಿಸೆಟ್ಸ್ ಫೈಲ್ ಇದೆ, ಸಿಮೇಕ್ 3.19ರಿಂದ. ರೆಪೋದಲ್ಲಿರುವ ಪ್ರಿಸೆಟ್ಸ್ ಫೈಲಿನಲ್ಲಿ 'ಬಿಲ್ಡ್/ಪ್ರಿಸೆಟ್ ಹೆಸರು' ಅಂತ ಎಲ್ಲರಿಗೂ ಸಾಮಾನ್ಯ ಜಾಗ ಬರೆದಿಡಿ. ಬೇರೆ ಡಿಸ್ಕ್ ಬೇಕಾದವರು ತಮ್ಮ ಯೂಸರ್ ಪ್ರಿಸೆಟ್ಸ್ ಫೈಲಿನಲ್ಲಿ ಬದಲಿಸಿಕೊಳ್ಳಲಿ, ಅದನ್ನು ಕಮಿಟ್ ಮಾಡುವುದು ಬೇಡ. ಜಗಳ ಇಲ್ಲ.

ಸಮಯದ ಚಿಂತೆ ಇರುವವರು, ಒಮ್ಮೆ ಕಂಪೈಲ್ ಆದದ್ದನ್ನು ಮತ್ತೆ ಬಳಸುವ ಸಿಕ್ಯಾಶ್ ಹಾಕಿಕೊಳ್ಳಿ. ನೆನಪಿಡಬೇಕಾದ್ದು ಇಷ್ಟೇ: ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡುವಾಗ ಅದು ಈಗಿರುವ ಫೋಲ್ಡರಿನ ಪಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ಎರಡು ವರ್ಕ್‌ಟ್ರೀಗಳಲ್ಲಿ ಅದೇ ಕೋಡ್ ಇದ್ದರೂ ಎರಡನೆಯದಕ್ಕೆ ಕ್ಯಾಶ್ ಸಿಗದೇ ಹೋಗಬಹುದು. 'ಬೇಸ್ ಡಿರ್' ಮತ್ತು 'ಹ್ಯಾಶ್ ಡಿರ್' ಸೆಟ್ಟಿಂಗ್‌ಗಳನ್ನು ನೋಡಿಕೊಳ್ಳಿ.

ಬಿಲ್ಡ್ ಒಳಗೆ: ಮಾಡ್ಯೂಲ್‌ಗೊಂದು ಫೋಲ್ಡರಾ, ಎಲ್ಲಕ್ಕೂ ಒಂದೇ ಬಿನ್ನಾ

ಪ್ಲಗಿನ್ ಇರುವ ಪ್ಯಾಕೇಜುಗಳು ಜಾಸ್ತಿ ಒದ್ದಾಡುವುದು ಇಲ್ಲಿ.

ಏನೂ ಹೇಳದಿದ್ದರೆ ಸಿಮೇಕ್ ಸೋರ್ಸ್ ಟ್ರೀಯ ಅಚ್ಚನ್ನೇ ಬಿಲ್ಡ್ ಒಳಗೂ ಒತ್ತುತ್ತದೆ. ಕೋರ್‌ನ ಲೈಬ್ರರಿ 'ಬಿಲ್ಡ್/ಕೋರ್' ಒಳಗೆ, ಪ್ಲಗಿನ್‌ಗಳು 'ಬಿಲ್ಡ್/ಪ್ಲಗಿನ್ಸ್/ಸಿಎಸ್‌ವಿ' ಒಳಗೆ, ಹೀಗೆ. ಯಾವ ಫೈಲ್ ಯಾವ ಮಾಡ್ಯೂಲಿನದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಹೆಸರು ಡಿಕ್ಕಿ ಹೊಡೆಯುವುದಿಲ್ಲ. ಲಿನಕ್ಸ್‌ನಲ್ಲಿ ಕೋರ್ ಲೈಬ್ರರಿ ಸಿಗುವುದಕ್ಕೂ ತೊಂದರೆ ಇಲ್ಲ, ಯಾಕೆಂದರೆ ಲಿಂಕ್ ಮಾಡಿದ ಲೈಬ್ರರಿಗಳ ದಾರಿಯನ್ನು ಸಿಮೇಕ್ ತಾನೇ ಆರ್‌ಪಾತ್ ಆಗಿ ಪ್ರೋಗ್ರಾಂ ಒಳಗೆ ಬರೆದಿರುತ್ತದೆ. ಪ್ಲಗಿನ್‌ಗಳ ಕಥೆ ಬೇರೆ. ಅವನ್ನು ಲಿಂಕ್ ಮಾಡಿಲ್ಲ, ಓಡುವಾಗ ಡಿಎಲ್‌ಓಪನ್ ಫಂಕ್ಷನ್ ಕರೆದು ತೆರೆಯುತ್ತೀರಿ. ಅವು ಎಲ್ಲಿವೆ ಅಂತ ಪ್ರೋಗ್ರಾಂಗೆ ಯಾರೂ ಹೇಳಿರುವುದಿಲ್ಲ. ಆಗ ಜನ ಎನ್ವಿರಾನ್‌ಮೆಂಟ್ ವೇರಿಯಬಲ್ ಸೇರಿಸುತ್ತಾರೆ, ಆಮೇಲೆ ಅದನ್ನು ಸೆಟ್ ಮಾಡುವ ಶೆಲ್ ಸ್ಕ್ರಿಪ್ಟ್, ಆಮೇಲೆ ವಿಂಡೋಸ್‌ಗೆ ಇನ್ನೊಂದು ಬ್ಯಾಚ್ ಫೈಲ್. ವಿಂಡೋಸ್‌ನಲ್ಲಂತೂ ಆರ್‌ಪಾತ್ ಅನ್ನುವುದೇ ಇಲ್ಲ, ಕೋರ್‌ನ ಡಿಎಲ್‌ಎಲ್ (ವಿಂಡೋಸ್‌ನ ಶೇರ್ಡ್ ಲೈಬ್ರರಿ) ಕೂಡ ಪ್ರೋಗ್ರಾಂ ಪಕ್ಕದಲ್ಲಿರಬೇಕು, ಇಲ್ಲವೇ ಪಾತ್ ವೇರಿಯಬಲ್‌ನಲ್ಲಿ ಹೆಸರಿಸಿದ ಫೋಲ್ಡರಿನಲ್ಲಿರಬೇಕು.

ಇನ್ನೊಂದು ತುದಿ, ಎಲ್ಲವನ್ನೂ ಒಂದೇ 'ಬಿನ್' ಒಳಗೆ ಸುರಿಯುವುದು. ವಿಂಡೋಸ್‌ನಲ್ಲಿ ಇದು ತಕ್ಷಣ ಓಡುತ್ತದೆ, ಅದಕ್ಕೇ ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸಿಎಸ್‌ವಿ ಪ್ಲಗಿನ್‌ನವರೂ ಡೇಟಾಬೇಸ್ ಪ್ಲಗಿನ್‌ನವರೂ ತಮ್ಮ ಫೈಲಿಗೆ 'ರೀಡರ್' ಅಂತ ಹೆಸರಿಟ್ಟರೆ ಒಂದರ ಮೇಲೆ ಇನ್ನೊಂದು ಬರೆದುಕೊಳ್ಳುತ್ತದೆ. ಇನ್ನೊಂದು ಸಮಸ್ಯೆ ಇದೆ. ಮಾಡ್ಯೂಲ್ ತೆಗೆದುಹಾಕಿದರೂ ಅದರ ಹಳೆಯ ಪ್ಲಗಿನ್ ಬಿನ್‌ನಲ್ಲೇ ಉಳಿದು ಲೋಡ್ ಆಗುತ್ತಲೇ ಇರುತ್ತದೆ.

ನನ್ನ ಆಯ್ಕೆ ಮೂರನೆಯದು: ಇನ್‌ಸ್ಟಾಲ್ ಆದಾಗ ಹೇಗಿರುತ್ತದೋ ಅದೇ ಆಕಾರವನ್ನು ಬಿಲ್ಡ್ ಒಳಗೂ ತನ್ನಿ. 'ಬಿಲ್ಡ್/ಡೀಬಗ್/ಬಿನ್' ಒಳಗೆ ಪ್ರೋಗ್ರಾಂ, 'ಬಿಲ್ಡ್/ಡೀಬಗ್/ಲಿಬ್' ಒಳಗೆ ಕೋರ್, 'ಬಿಲ್ಡ್/ಡೀಬಗ್/ಲಿಬ್/ಮಳೆಲೆಕ್ಕ/ಪ್ಲಗಿನ್ಸ್' ಒಳಗೆ ಮೂರು ಪ್ಲಗಿನ್. ಆಬ್ಜೆಕ್ಟ್ ಫೈಲುಗಳು ಮಾತ್ರ ಮಾಡ್ಯೂಲ್‌ವಾರು ಎಲ್ಲಿದ್ದವೋ ಅಲ್ಲೇ. ಈಗ ಪ್ರೋಗ್ರಾಂ ತಾನು ಎಲ್ಲಿದ್ದೇನೆ ಅಂತ ಕೇಳಿಕೊಂಡು, ಲಿನಕ್ಸ್‌ನಲ್ಲಿ /ಪ್ರಾಕ್/ಸೆಲ್ಫ್/ಎಕ್ಸ್‌ಇ ಓದಿ, ವಿಂಡೋಸ್‌ನಲ್ಲಿ ಗೆಟ್‌ಮಾಡ್ಯೂಲ್‌ಫೈಲ್‌ನೇಮ್ ಕರೆದು, ಅಲ್ಲಿಂದ ಒಂದು ಹಂತ ಮೇಲೆ ಹೋಗಿ 'ಲಿಬ್/ಮಳೆಲೆಕ್ಕ/ಪ್ಲಗಿನ್ಸ್' ನೋಡಿದರೆ ಸಾಕು. ಬಿಲ್ಡ್‌ನಲ್ಲೂ ಅದೇ ಕೋಡ್, ಇನ್‌ಸ್ಟಾಲ್ ಆದಮೇಲೂ ಅದೇ ಕೋಡ್. 'ಡೆವಲಪರ್ ಮೋಡ್' ಅಂತ ಬೇರೆ ಶಾಖೆ ಬೇಡ.

ಇದಕ್ಕೆ ಸಿಮೇಕ್‌ನ ಔಟ್‌ಪುಟ್ ಡೈರೆಕ್ಟರಿ ವೇರಿಯಬಲ್‌ಗಳನ್ನು ಬೇರಿನ ಫೈಲಿನಲ್ಲಿ, ಟಾರ್ಗೆಟ್‌ಗಳು ಹುಟ್ಟುವ ಮೊದಲೇ ಸೆಟ್ ಮಾಡಬೇಕು. ಮೂರಿವೆ: ರನ್‌ಟೈಮ್, ಲೈಬ್ರರಿ, ಆರ್ಕೈವ್. ವಿಂಡೋಸ್‌ನಲ್ಲಿ ಇವುಗಳ ಅರ್ಥ ಸ್ವಲ್ಪ ಎಡವಿಸುತ್ತದೆ. ಶೇರ್ಡ್ ಲೈಬ್ರರಿಯ ಡಿಎಲ್‌ಎಲ್ ಅಲ್ಲಿ 'ರನ್‌ಟೈಮ್' ಲೆಕ್ಕಕ್ಕೆ ಸೇರಿ ಬಿನ್‌ಗೆ ಹೋಗುತ್ತದೆ, ಅದು ನಮಗೆ ಬೇಕಾದ್ದೇ. ಆದರೆ ಮಾಡ್ಯೂಲ್ ಬಗೆಯ ಲೈಬ್ರರಿ, ಅಂದರೆ ನಮ್ಮ ಪ್ಲಗಿನ್, ಡಿಎಲ್‌ಎಲ್ ಆಗಿದ್ದರೂ ಎಲ್ಲ ಕಡೆ 'ಲೈಬ್ರರಿ' ಲೆಕ್ಕಕ್ಕೇ. ಎರಡನ್ನೂ ಒಂದೇ ಅಂದುಕೊಂಡು ಇನ್‌ಸ್ಟಾಲ್ ನಿಯಮ ಬರೆದರೆ ಪ್ಲಗಿನ್ ಇನ್ನೆಲ್ಲೋ ಹೋಗಿರುತ್ತದೆ. ಇನ್ನು ವಿಷುವಲ್ ಸ್ಟುಡಿಯೋ ಜೊತೆ ಬಿಲ್ಡ್ ಮಾಡಿದರೆ ನೀವು ಕೊಟ್ಟ ಪಾತ್‌ನ ತುದಿಗೆ 'ಡೀಬಗ್', 'ರಿಲೀಸ್' ಅಂತ ತಾನೇ ಸೇರಿಸುತ್ತದೆ. ಆಗ 'ಬಿನ್/ಡೀಬಗ್' ಒಳಗಿರುವ ಪ್ರೋಗ್ರಾಂನಿಂದ ಒಂದು ಹಂತ ಮೇಲೆ ಹೋದರೆ ಸಿಗುವುದು 'ಬಿನ್', ಲೆಕ್ಕ ತಪ್ಪುತ್ತದೆ. ಪಾತ್ ಒಳಗೆ ಕಾನ್ಫಿಗ್ ಹೆಸರಿನ ಜನರೇಟರ್ ಎಕ್ಸ್‌ಪ್ರೆಷನ್ (ಸಿಮೇಕ್ ತಾನೇ ಹೆಸರು ತುಂಬಿಕೊಳ್ಳುವ ಸಂಕೇತ) ನೀವೇ ಹಾಕಿಕೊಟ್ಟರೆ ಅದು ಸುಮ್ನೆ ಇರುತ್ತದೆ. ಕಾನ್ಫಿಗ್ ಹೆಸರು ಮೇಲೆ, ಬಿನ್ ಅದರ ಕೆಳಗೆ, ಹಾಗೆ ಜೋಡಿಸಿ.

ಎಲ್‌ಎಲ್‌ವಿಎಂ ಇದೇ ದಾರಿಯಲ್ಲಿದೆ. ಅಷ್ಟೊಂದು ಮಾಡ್ಯೂಲ್‌ಗಳಿದ್ದರೂ ಬಿಲ್ಡ್ ಫೋಲ್ಡರಿನ ಬಿನ್ ಒಳಗಿನ ಕ್ಲ್ಯಾಂಗ್ ಕಂಪೈಲರ್ ಅನ್ನು ಇನ್‌ಸ್ಟಾಲ್ ಮಾಡದೆ ನೇರ ಓಡಿಸಬಹುದು.

ಇನ್‌ಸ್ಟಾಲ್ ಮಾಡುವ ಜಾಗ

'ಬಿಲ್ಡ್‌ನಲ್ಲಿ ಓಡುತ್ತೆ, ಇನ್‌ಸ್ಟಾಲ್ ಆದಮೇಲೆ ಶೇರ್ಡ್ ಆಬ್ಜೆಕ್ಟ್ ಫೈಲ್ ಸಿಗುತ್ತಿಲ್ಲ ಅಂತ ಬರುತ್ತೆ' ಅನ್ನುವುದಕ್ಕೆ ಕಾರಣ, ಸಿಮೇಕ್ ಬಿಲ್ಡ್‌ಗೆಂದು ಬರೆದಿದ್ದ ಆರ್‌ಪಾತನ್ನು ಇನ್‌ಸ್ಟಾಲ್ ಸಮಯದಲ್ಲಿ ಕಿತ್ತುಹಾಕುತ್ತದೆ. ಅದು ಸರಿಯಾದ ನಡವಳಿಕೆಯೇ, ನಿಮ್ಮ ಹೋಮ್ ಫೋಲ್ಡರಿನ ಪಾತ್ ಬೇರೆಯವರ ಯಂತ್ರಕ್ಕೆ ಹೋಗಬಾರದು. ಬದಲಿಗೆ ಇನ್‌ಸ್ಟಾಲ್ ಆರ್‌ಪಾತ್ ಅನ್ನು '$ಒರಿಜಿನ್/../ಲಿಬ್' ಅಂತ ಕೊಟ್ಟರೆ ಪ್ರೋಗ್ರಾಂ ಎಲ್ಲಿದ್ದರೂ ತನ್ನ ಪಕ್ಕದ ಲಿಬ್ ನೋಡುತ್ತದೆ. ಮ್ಯಾಕ್‌ನಲ್ಲಿ ಅದೇ ಕೆಲಸಕ್ಕೆ '@ಲೋಡರ್_ಪಾತ್'. 'ರೀಡೆಲ್ಫ್ -ಡಿ' ಕೊಟ್ಟು ರನ್‌ಪಾತ್ (ಆರ್‌ಪಾತ್‌ನ ಹೊಸ ರೂಪ) ಸಾಲನ್ನು ಕಣ್ಣಾರೆ ನೋಡಿ, ಎರಡು ಸೆಕೆಂಡಿನ ಕೆಲಸ. ಒಂದು ಎಚ್ಚರಿಕೆ: ಫೆಡೋರಾದಲ್ಲಿ 'ಲಿಬ್' ಬದಲು 'ಲಿಬ್64' ಆಗಬಹುದು. ಸಿಮೇಕ್‌ನ ಜಿಎನ್‌ಯು ಇನ್‌ಸ್ಟಾಲ್ ಡಿರ್ಸ್ ಮಾಡ್ಯೂಲ್ ಕೊಡುವ ಹೆಸರನ್ನೇ ಆರ್‌ಪಾತ್‌ಗೂ, ಪ್ಲಗಿನ್ ಹುಡುಕುವ ಕೋಡ್‌ಗೂ ಕೊಡಿ. ಕೈಯಲ್ಲಿ 'ಲಿಬ್' ಅಂತ ಬರೆದರೆ ಒಂದು ಡಿಸ್ಟ್ರೋದಲ್ಲಿ ಓಡಿ ಇನ್ನೊಂದರಲ್ಲಿ ನಿಲ್ಲುತ್ತದೆ.

ಎಲ್‌ಡಿ ಲೈಬ್ರರಿ ಪಾತ್ (ಲೈಬ್ರರಿ ಎಲ್ಲಿ ಹುಡುಕಬೇಕು ಅಂತ ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್) ಸೆಟ್ ಮಾಡುವ ಸ್ಕ್ರಿಪ್ಟ್ ಅನ್ನು ಶಾಶ್ವತ ಪರಿಹಾರ ಮಾಡಿಕೊಳ್ಳಬೇಡಿ. ಅದು ಆ ಶೆಲ್‌ನಿಂದ ಹುಟ್ಟುವ ಎಲ್ಲ ಪ್ರೋಗ್ರಾಂಗಳಿಗೂ ತಾಗುತ್ತದೆ. ರನ್‌ಪಾತ್‌ಗಿಂತ ಮೊದಲು ಅದನ್ನೇ ನೋಡುವುದರಿಂದ ನಿಮ್ಮ ಸರಿಯಾದ ಲೈಬ್ರರಿಯನ್ನು ಹಳೆಯದು ಮರೆಮಾಡಬಹುದು.

ಜಾಗದ ಆಯ್ಕೆ ಸುಲಭ. ನಿಮ್ಮೊಬ್ಬರಿಗೆ, ರೂಟ್ ಅಧಿಕಾರ ಇಲ್ಲ ಅಂದರೆ ಹೋಮ್ ಒಳಗಿನ '.ಲೋಕಲ್'. ಒಂದು ಯಂತ್ರದ ಎಲ್ಲರಿಗೂ ಅಂದರೆ /ಯುಎಸ್‌ಆರ್/ಲೋಕಲ್, ಆದರೆ ಅಲ್ಲಿಗೆ ಹೋದದ್ದು ಬೇರೆಯವುಗಳ ಜೊತೆ ಬೆರೆಯುತ್ತದೆ, ಸಿಮೇಕ್‌ಗೆ ಅನ್‌ಇನ್‌ಸ್ಟಾಲ್ ಕಮಾಂಡ್ ಇಲ್ಲ, ಇನ್‌ಸ್ಟಾಲ್ ಮ್ಯಾನಿಫೆಸ್ಟ್ ಫೈಲ್ ನೋಡಿ ಕೈಯಾರೆ ಅಳಿಸಬೇಕು. ಪ್ಲಗಿನ್‌ಗಳು ಜಾಸ್ತಿ ಇರುವ, ಆವೃತ್ತಿ ಅಕ್ಕಪಕ್ಕ ಬೇಕಾದ ಪ್ಯಾಕೇಜಿಗೆ /ಆಪ್ಟ್/ಮಳೆಲೆಕ್ಕ ನನಗೆ ಇಷ್ಟ. ಅಳಿಸಬೇಕಾದರೆ ಒಂದೇ ಫೋಲ್ಡರ್. ಡೆಬ್ ಅಥವಾ ಆರ್‌ಪಿಎಂ (ಲಿನಕ್ಸ್ ಡಿಸ್ಟ್ರೋಗಳ ಪ್ಯಾಕೇಜ್ ಫೈಲ್) ಮಾಡುವವರು ಪ್ರಿಫಿಕ್ಸ್ (ಕೊನೆಗೆ ಇರಬೇಕಾದ ಜಾಗ) /ಯುಎಸ್‌ಆರ್ ಇಟ್ಟು, ಡೆಸ್ಟ್‌ಡಿರ್ ಮೂಲಕ ತಾತ್ಕಾಲಿಕ ಫೋಲ್ಡರಿಗೆ ಇಳಿಸಬೇಕು. ಇವೆರಡನ್ನೂ ಅದಲು ಬದಲು ಮಾಡಬಾರದು: ಪ್ರಿಫಿಕ್ಸ್ ಪ್ರೋಗ್ರಾಂ ಒಳಗೆ ಅಚ್ಚಾಗಬಹುದು, ಡೆಸ್ಟ್‌ಡಿರ್ ಬರೀ ಇಳಿಸುವ ಜಾಗ.

ಓಡುವಾಗ ಬರೆಯುವುದು ಎಲ್ಲಿಗೆ

ಪ್ರೋಗ್ರಾಂ ಪಕ್ಕದಲ್ಲೇ 'ಡೇಟಾ', 'ಲಾಗ್ಸ್' ಇಡುವುದು ಮೊದಲ ದಿನ ತುಂಬ ಹಾಯಾಗಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಒಯ್ಯುವ ಸಣ್ಣ ಉಪಕರಣಕ್ಕೆ ಇದೇ ಸರಿ ಕೂಡ. ಆದರೆ ಪ್ರೋಗ್ರಾಂ ಬಿಲ್ಡ್ ಫೋಲ್ಡರಿನಿಂದ ಓಡುತ್ತಿದ್ದರೆ ಬಳಕೆದಾರರ ಡೇಟಾ ಬಿಲ್ಡ್ ಒಳಗೇ ಬೆಳೆಯುತ್ತದೆ, ಮೊದಲು ಕೇಳಿದ ಪ್ರಶ್ನೆಗೆ ಆಗ ಉತ್ತರ 'ಎಲ್ಲವೂ ಹೋಗುತ್ತದೆ'. ಪ್ರೋಗ್ರಾಂ ಫೈಲ್ಸ್ ಒಳಗಾಗಲಿ /ಯುಎಸ್‌ಆರ್ ಒಳಗಾಗಲಿ ಮಾಮೂಲಿ ಬಳಕೆದಾರರಿಗೆ ಬರೆಯುವ ಹಕ್ಕೂ ಇರುವುದಿಲ್ಲ.

ಡೆಸ್ಕ್‌ಟಾಪ್ ಪ್ರೋಗ್ರಾಂ ಆದರೆ ಲಿನಕ್ಸ್ ಡೆಸ್ಕ್‌ಟಾಪ್‌ಗಳ ಎಕ್ಸ್‌ಡಿಜಿ ನಿಯಮ ಹಿಡಿಯಿರಿ. ಸೆಟ್ಟಿಂಗ್ಸ್ ~/.ಕಾನ್ಫಿಗ್ ಒಳಗೆ, ಉಳಿಯಬೇಕಾದ ಡೇಟಾ ~/.ಲೋಕಲ್/ಶೇರ್ ಒಳಗೆ, ಅಳಿಸಿದರೂ ಮತ್ತೆ ಹುಟ್ಟುವುದು ~/.ಕ್ಯಾಶ್ ಒಳಗೆ, ಲಾಗ್ ಮತ್ತು ಹಿಸ್ಟರಿ ~/.ಲೋಕಲ್/ಸ್ಟೇಟ್ ಒಳಗೆ. ಸಾಕೆಟ್ ಮತ್ತು ಲಾಕ್ ಫೈಲುಗಳಿಗೆ ರನ್‌ಟೈಮ್ ಡಿರ್ ಇದೆ, ಲಾಗೌಟ್ ಆದಾಗ ಅದು ತಾನೇ ಹೋಗುತ್ತದೆ. ನಮ್ಮ ನಕ್ಷೆ ಪ್ಲಗಿನ್ ಇಳಿಸಿಕೊಂಡ ನಕ್ಷೆಯ ತುಣುಕುಗಳು ಕ್ಯಾಶ್. ಬಳಕೆದಾರರು ಕೈಯಾರೆ ತಿದ್ದಿದ ಮಳೆ ಮಾಪನದ ಅಂಕಿಗಳು ಡೇಟಾ. ಈ ಎರಡನ್ನು ಬೆರೆಸಿದರೆ ಯಾರೋ ಜಾಗ ಸಾಲದೆ ಕ್ಯಾಶ್ ಅಳಿಸಿದ ದಿನ ಅವರ ಶ್ರಮವೂ ಹೋಗುತ್ತದೆ. ಪ್ಲಗಿನ್ ಬರೆಯುವವರಿಗೆ ಪಾತ್‌ಗಳನ್ನು ತಾವೇ ಕಟ್ಟಲು ಬಿಡಬೇಡಿ. ಕೋರ್‌ನಲ್ಲೇ 'ಕ್ಯಾಶ್ ಎಲ್ಲಿ, ಡೇಟಾ ಎಲ್ಲಿ' ಅಂತ ಹೇಳುವ ನಾಲ್ಕು ಫಂಕ್ಷನ್ ಇರಲಿ, ಪ್ರತಿ ಪ್ಲಗಿನ್‌ಗೂ ಅದರ ಹೆಸರಿನ ಉಪಫೋಲ್ಡರ್ ಅಲ್ಲಿಂದಲೇ ಸಿಗಲಿ. ವಿಂಡೋಸ್‌ನ ಆಪ್‌ಡೇಟಾ ಲೆಕ್ಕವೂ ಅಲ್ಲೊಂದೇ ಕಡೆ ಮುಗಿಯುತ್ತದೆ.

ಸರ್ವರ್‌ನಲ್ಲಿ ಸರ್ವಿಸ್ ಆಗಿ ಓಡುವುದಾದರೆ ಸಿಸ್ಟಂಡಿಗೆ ಬಿಡಿ. ಯೂನಿಟ್ ಫೈಲಿನಲ್ಲಿ ಸ್ಟೇಟ್‌ಡೈರೆಕ್ಟರಿ ಅಂತ ಒಂದು ಸಾಲು ಬರೆದರೆ /ವಾರ್/ಲಿಬ್ ಒಳಗೆ ಸರಿಯಾದ ಬಳಕೆದಾರರ ಹೆಸರಿನಲ್ಲಿ ಫೋಲ್ಡರ್ ಹುಟ್ಟುತ್ತದೆ, ಅದರ ಪಾತ್ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿಯೂ ಬರುತ್ತದೆ. ಕ್ಯಾಶ್, ಲಾಗ್, ರನ್‌ಟೈಮ್‌ಗೂ ಹಾಗೇ. ಬ್ಯಾಕಪ್‌ಗೆ ಯಾವುದು ಬೇಕು ಅಂತ ಅಡ್ಮಿನ್‌ಗೆ ವಿವರಿಸಬೇಕಾಗಿಯೇ ಬರುವುದಿಲ್ಲ.

ಯಾರಿಗೆ ಯಾವುದು

ಒಬ್ಬರೇ, ಒಂದು ಲ್ಯಾಪ್‌ಟಾಪ್, ಕಲಿಯುವ ಹಂತ: ರೆಪೋ ಒಳಗೆ 'ಬಿಲ್ಡ್', ಒಂದೇ ಕಾನ್ಫಿಗ್, ಬೇಸರವಾದಾಗ ಅಳಿಸಿ ಮತ್ತೆ ಕಟ್ಟಿ. ಇನ್‌ಸ್ಟಾಲ್ ಬಗ್ಗೆ ಈಗ ಯೋಚನೆ ಬೇಡ, ಆದರೆ ಓಡುವಾಗ ಬರೆಯುವುದನ್ನು ಮೊದಲ ದಿನದಿಂದಲೇ ಹೊರಗಿಡಿ, ಅದನ್ನು ಆಮೇಲೆ ಬದಲಿಸುವುದು ಎಲ್ಲಕ್ಕಿಂತ ಕಷ್ಟ.

ಐದಾರು ಜನರ ತಂಡ, ಪ್ಲಗಿನ್‌ಗಳಿವೆ, ವಿಂಡೋಸ್ ಲಿನಕ್ಸ್ ಎರಡೂ ಇವೆ ಅಂದರೆ ಪ್ರಿಸೆಟ್ಸ್, ಕಾನ್ಫಿಗ್‌ಗೊಂದು ಬಿಲ್ಡ್, ಇನ್‌ಸ್ಟಾಲ್ ಆಕಾರದ ಬಿನ್ ಮತ್ತು ಲಿಬ್. ಇದನ್ನು ಜೋಡಿಸಲು ಒಂದೆರಡು ದಿನ ಹೋಗಬಹುದು, ಕೊಡಿ. ಕಂಟೇನರಿನಲ್ಲಿ ಕೊಡುವವರಿಗೆ ಮಲ್ಟಿಸ್ಟೇಜ್ ಡಾಕರ್‌ಫೈಲ್ ಸಾಕು: ಮೊದಲ ಹಂತದಲ್ಲಿ ಬಿಲ್ಡ್, ಎರಡನೆಯದಕ್ಕೆ ಇನ್‌ಸ್ಟಾಲ್ ಆದ ಫೋಲ್ಡರ್ ಮಾತ್ರ ನಕಲು, ಡೇಟಾ ವಾಲ್ಯೂಮ್‌ನಲ್ಲಿ. ಮಾಡ್ಯೂಲ್‌ಗಳನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ವೇಗದಲ್ಲಿ ಬಿಡುಗಡೆ ಮಾಡುವುದಾದರೆ /ಆಪ್ಟ್ ಒಳಗೆ ಆವೃತ್ತಿ ಹೆಸರಿನ ಫೋಲ್ಡರುಗಳು.

ಈಗಾಗಲೇ ಇರುವ ಪ್ರಾಜೆಕ್ಟನ್ನು ಬದಲಿಸುವಾಗ ಎಲ್ಲವನ್ನೂ ಒಂದೇ ಕಮಿಟ್‌ನಲ್ಲಿ ಮಾಡಬೇಡಿ. ಮೊದಲು ಸೋರ್ಸ್ ಫೋಲ್ಡರಿನ ಬರೆಯುವ ಹಕ್ಕನ್ನು 'ಸಿಎಚ್‌ಮಾಡ್ -ಆರ್ ಎ-ಡಬ್ಲ್ಯೂ' ಕೊಟ್ಟು ತೆಗೆದು, ಬೇರೆ ಕಡೆ ಬಿಲ್ಡ್ ಮಾಡಿ ನೋಡಿ. ಸೋರ್ಸ್ ಒಳಗೆ ಕದ್ದು ಬರೆಯುವ ಕೋಡ್ ಜನರೇಟರ್, ಟೆಸ್ಟ್ ಯಾವುದಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ. ಆಟೋಮೇಕ್‌ನ ಡಿಸ್ಟ್‌ಚೆಕ್ ಮಾಡುವುದೂ ಇದನ್ನೇ. ಅದು ಪಾಸಾದ ಮೇಲೆ ಬಿನ್, ಲಿಬ್ ಆಕಾರ ತನ್ನಿ. ನಂತರ 'ಸಿಮೇಕ್ --ಇನ್‌ಸ್ಟಾಲ್' ಕೊಟ್ಟು ಒಂದು ತಾತ್ಕಾಲಿಕ ಫೋಲ್ಡರಿಗೆ ಇಳಿಸಿ, ಆ ಫೋಲ್ಡರಿನ ಹೆಸರು ಬದಲಿಸಿ, ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ, ಆಮೇಲೆ ಓಡಿಸಿ ಮೂರು ಪ್ಲಗಿನ್‌ಗಳೂ ಲೋಡ್ ಆಗುತ್ತವಾ ನೋಡಿ. ಈ ಪರೀಕ್ಷೆಯನ್ನು ಸಿಐನಲ್ಲಿ (ಕೋಡ್ ಬದಲಾದಾಗ ತಾನಾಗಿ ಓಡುವ ಪರೀಕ್ಷೆಗಳಲ್ಲಿ) ಹಾಕಿ. ರನ್‌ಟೈಮ್ ಡೇಟಾ ಜಾಗ ಬದಲಿಸುವುದು ಕೊನೆಗೆ, ಮತ್ತು ಅದರಲ್ಲಿ ಮಾತ್ರ ನಿಧಾನ ಇರಲಿ: ಒಂದೆರಡು ಆವೃತ್ತಿ ಕಾಲ ಹೊಸ ಜಾಗದಲ್ಲಿ ಇಲ್ಲದಿದ್ದರೆ ಹಳೆಯ ಜಾಗದಿಂದ ಓದಿ ಹೊಸದಕ್ಕೆ ನಕಲು ಮಾಡಿಕೊಳ್ಳಲಿ, ಹಳೆಯದನ್ನು ಪ್ರೋಗ್ರಾಂ ತಾನಾಗಿ ಅಳಿಸುವುದು ಬೇಡ.